ನೀರಿಗೆ ಇಳಿಯುವ ಮೊದಲು, ನೀರಿನಿಂದ ಎದ್ದ ಮೇಲೆ: ದೀಕ್ಷಾಸ್ನಾನದ ತರಗತಿ ನಡೆಸಿದ ನನ್ನ ಅನುಭವ

ನಮ್ಮ ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನಕ್ಕೆ (ಬ್ಯಾಪ್ಟಿಸಂ) ಸಿದ್ಧರಾಗುವ ದೊಡ್ಡವರಿಗೆ ತರಗತಿ ನಡೆಸುವ ಕೆಲಸ ಹಲವು ವರ್ಷಗಳಿಂದ ನನ್ನದು. ನಾನು ಪಾಸ್ಟರ್ ಅಲ್ಲ, ಸಭೆಯ ಹಿರಿಯರಲ್ಲಿ ಒಬ್ಬ. ಅದಕ್ಕೂ ಮೊದಲು ಬೇರೆ ಭಾಷೆಯ ಜನರ ನಡುವೆ ಮಿಷನರಿಯಾಗಿ ಇದ್ದು ಬಂದವನು. ಈ ಎರಡು ಕೆಲಸಗಳ ಬೇರು ಒಂದೇ ಎಂದು ನಾನು ನಂಬುತ್ತೇನೆ. ತನ್ನ ಪಾಪವನ್ನು ತಾನು ಕಂಡುಕೊಳ್ಳದೆ, ಕ್ಷಮೆಯ ರುಚಿ ನೋಡದೆ ಸುವಾರ್ತೆ ಹೇಳಲು ಹೊರಟವನು ಊರಿಗೆಲ್ಲ ತೀರ್ಪು ಹೇಳುವವನಾಗಿ ಹೋಗುತ್ತಾನೆ. ಕ್ಷಮೆ ಪಡೆದವನು ಹೋಗುವ ರೀತಿಯೇ ಬೇರೆ. ಆದ್ದರಿಂದ ಪಾಪ, ದೀಕ್ಷಾಸ್ನಾನ, ಮಿಷನರಿ ಕರೆ ಇವುಗಳನ್ನು ನಾನು ಮೂರು ಪಾಠಗಳಾಗಿ ಕಲಿಸುವುದಿಲ್ಲ. ಒಂದರಿಂದ ಒಂದು ಹುಟ್ಟಿಬರುವ ಹಾಗೆ ಕಲಿಸುತ್ತೇನೆ. ಹೇಗೆ ಎಂದು ಕೇಳುವವರು ಆಗಾಗ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ತರಗತಿಗೆ ಬರುವವರು ಒಂದೇ ತರದವರಲ್ಲ. ವಿಶ್ವಾಸಿಗಳ ಮನೆಯಲ್ಲೇ ಬೆಳೆದು ಈಗ ಸ್ವಂತ ತೀರ್ಮಾನಕ್ಕೆ ಬಂದವರು ಇರುತ್ತಾರೆ. ಬೈಬಲ್ ಅನ್ನು ಹೋದ ವರ್ಷವಷ್ಟೇ ಮೊದಲ ಸಲ ಕೈಗೆ ತೆಗೆದುಕೊಂಡವರೂ ಇರುತ್ತಾರೆ. ಮದುವೆಯ ಕಾರಣಕ್ಕೆ ಬಂದವರು, ಕಾಯಿಲೆ ವಾಸಿಯಾದ ಮೇಲೆ ಬಂದವರು, ಸ್ನೇಹಿತ ಕರೆದನೆಂದು ಸುಮ್ನೆ ಬಂದು ಕೂತವರು, ಎಲ್ಲರೂ. ಮೊದಲ ದಿನ ನಾನು ಕೇಳುವುದು ಒಂದೇ ಪ್ರಶ್ನೆ. ನಿಮಗೆ ಯಾಕೆ ದೀಕ್ಷಾಸ್ನಾನ ಬೇಕು? ಉತ್ತರ ಸರಿಯೋ ತಪ್ಪೋ ಎಂದು ಅವತ್ತು ಹೇಳುವುದಿಲ್ಲ. ಕೇಳಿಸಿಕೊಂಡು ಬರೆದಿಟ್ಟುಕೊಳ್ಳುತ್ತೇನೆ. ತರಗತಿ ಮುಗಿಯುವ ಹೊತ್ತಿಗೆ ಅದೇ ಪ್ರಶ್ನೆಗೆ ಅವರು ಬೇರೆ ಉತ್ತರ ಕೊಡುತ್ತಾರೆ. ಆ ಎರಡು ಉತ್ತರಗಳ ನಡುವಿನ ದಾರಿಯೇ ನನ್ನ ಕೆಲಸ.

ಪಾಪದ ವಿಷಯವನ್ನು ಎಲ್ಲಿಂದ ಶುರು ಮಾಡಬೇಕು? ಹೆಚ್ಚಿನವರು ಆದಿಕಾಂಡದ 3ನೇ ಅಧ್ಯಾಯದಿಂದ, ಏದೆನ್ ತೋಟದಿಂದ ಶುರು ಮಾಡುತ್ತಾರೆ. ಅದು ತಪ್ಪಲ್ಲ. ಆದರೆ ಹಾಗೆ ಶುರು ಮಾಡಿದರೆ ಕೇಳುವವರು ಆದಾಮನ ಬಗ್ಗೆ ಮಾತಾಡತೊಡಗುತ್ತಾರೆ, ತಮ್ಮ ಬಗ್ಗೆ ಅಲ್ಲ. ನಾನು ಸಮುವೇಲನ ಎರಡನೆಯ ಪುಸ್ತಕದ 12ನೇ ಅಧ್ಯಾಯದಿಂದ ಶುರು ಮಾಡುತ್ತೇನೆ. ಅರಸ ದಾವೀದ ತನ್ನ ಸೈನಿಕ ಊರೀಯನ ಹೆಂಡತಿಯನ್ನು ತೆಗೆದುಕೊಂಡಿದ್ದಾನೆ. ಊರೀಯನನ್ನು ಯುದ್ಧದಲ್ಲಿ ಸಾಯುವ ಹಾಗೆ ಮಾಡಿದ್ದಾನೆ. ಎಲ್ಲವೂ ಮುಚ್ಚಿಹೋಗಿದೆ. ಆಗ ಪ್ರವಾದಿ ನಾತಾನ ಬರುತ್ತಾನೆ. ಬೆರಳು ತೋರಿಸಿಕೊಂಡು ಬರುವುದಿಲ್ಲ. ಒಂದು ಕಥೆ ಹೇಳುತ್ತಾನೆ. ಬಡವನ ಹತ್ತಿರ ಇದ್ದದ್ದು ಒಂದೇ ಹೆಣ್ಣು ಕುರಿಮರಿ, ಮಗಳ ಹಾಗೆ ಸಾಕಿದ್ದು. ಬೇಕಾದಷ್ಟು ಮಂದೆ ಇದ್ದ ಸಾಹುಕಾರ ಬಂದ ಅತಿಥಿಗಾಗಿ ಅದನ್ನೇ ಕಿತ್ತುಕೊಂಡ. ದಾವೀದನಿಗೆ ಸಿಟ್ಟು ಉಕ್ಕುತ್ತದೆ. ಅವನಿಗೆ ಸಾವೇ ಶಿಕ್ಷೆ ಎನ್ನುತ್ತಾನೆ. ಆ ಮನುಷ್ಯ ನೀನೇ ಎಂದು ನಾತಾನ ಹೇಳುವುದು ಆಮೇಲೆ.

ಇದನ್ನು ಗಟ್ಟಿಯಾಗಿ, ನಿಧಾನವಾಗಿ ಓದಿಸುತ್ತೇನೆ. ನಂತರ ಸ್ವಲ್ಪ ಹೊತ್ತು ಯಾರೂ ಮಾತಾಡಬಾರದು ಎಂದು ಹೇಳುತ್ತೇನೆ. ವಿವರಣೆ ಕೊಡುವುದಿಲ್ಲ. ಬೇರೆಯವರ ತಪ್ಪಿಗೆ ನಮ್ಮ ನ್ಯಾಯ ಎಷ್ಟು ಬೇಗ ಏಳುತ್ತದೆ, ನಮ್ಮ ತಪ್ಪಿಗೆ ಎಷ್ಟು ಗಾಢವಾಗಿ ಮಲಗಿರುತ್ತದೆ ಎಂದು ಅವರಿಗೆ ತಾವಾಗಿಯೇ ತಿಳಿಯುತ್ತದೆ. ಆ ವಾರ ದಿನಾ 51ನೇ ಕೀರ್ತನೆ ಓದಲು ಹೇಳುತ್ತೇನೆ. ಆ ಪಾಪದ ನಂತರ ದಾವೀದ ಹಾಡಿದ್ದು ಎಂದು ಅದರ ತಲೆಬರಹವೇ ಹೇಳುತ್ತದೆ. ಬೇರೆ ಮನೆಕೆಲಸ ಇಲ್ಲ.

ತಮ್ಮ ಪಾಪಗಳನ್ನು ಗುಂಪಿನ ಮುಂದೆ ಹೇಳಿಕೊಳ್ಳಲು ನಾನು ಯಾರನ್ನೂ ಕೇಳುವುದಿಲ್ಲ. ಕೆಲವು ಕಡೆ ಹಾಗೆ ಮಾಡಿಸುತ್ತಾರೆ. ಅದರಿಂದ ಒಳ್ಳೆಯದಾದದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಧೈರ್ಯಸ್ಥರು ಜಾಸ್ತಿ ಹೇಳುತ್ತಾರೆ, ನಾಚಿಕೆಯವರು ಏನೋ ಒಂದು ಸಣ್ಣದನ್ನು ಹೇಳಿ ದೊಡ್ಡದನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತಾರೆ. ಹೇಳಲೇಬೇಕು ಅನಿಸಿದವರಿಗೆ ಪಾಸ್ಟರ್ ಇದ್ದಾರೆ, ನಾನಿದ್ದೇನೆ. ಒಬ್ಬೊಬ್ಬರಾಗಿ ಬರಬಹುದು. ಕೇಳಿದ್ದು ನಮ್ಮಲ್ಲೇ ಉಳಿಯುತ್ತದೆ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಹೇಳಬೇಕು. ಹಾಗೆ ಒಬ್ಬೊಬ್ಬರಾಗಿ ಬಂದವರಲ್ಲಿ ಎಷ್ಟೋ ಜನ ತಂದದ್ದು ತಮ್ಮ ಪಾಪವನ್ನಲ್ಲ, ಬೇರೆಯವರು ತಮಗೆ ಮಾಡಿದ ಪಾಪವನ್ನು. ಚಿಕ್ಕ ವಯಸ್ಸಿನಲ್ಲಿ ಯಾರೋ ದೊಡ್ಡವರು ಕೆಟ್ಟದಾಗಿ ನಡೆಸಿಕೊಂಡದ್ದು. ಗಂಡ ಹೊಡೆದದ್ದು. ಮನೆಯವರು ಬೀದಿಗೆ ತಳ್ಳಿದ್ದು. "ನಾನು ಏನೋ ಪಾಪ ಮಾಡಿರಬೇಕು ಬ್ರದರ್, ಅದಕ್ಕೇ ಹೀಗಾಯಿತು," ಎಂದು ಒಬ್ಬ ತಾಯಿ ತಲೆ ತಗ್ಗಿಸಿ ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಅವರಿಗೆ ನಾನು ಯೋಹಾನನ 9ನೇ ಅಧ್ಯಾಯ ಓದಿ ಹೇಳಿದೆ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳುತ್ತಾರೆ, ಯಾರು ಪಾಪ ಮಾಡಿದ್ದು, ಇವನೋ ಇವನ ತಂದೆತಾಯಿಯೋ? ಯೇಸುವಿನ ಉತ್ತರ: ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ. "ಅಮ್ಮಾ, ಇದು ನಿಮ್ಮ ಪಾಪ ಅಲ್ಲ. ಇದಕ್ಕೆ ನೀವು ಪಶ್ಚಾತ್ತಾಪ ಪಡಬೇಕಾಗಿಲ್ಲ," ಎಂದೆ. ಆ ಮಾತನ್ನು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಆದ್ದರಿಂದ ತರಗತಿಯಲ್ಲಿ ಇದನ್ನು ಎಲ್ಲರ ಮುಂದೆಯೇ ಬಿಡಿಸಿ ಹೇಳುತ್ತೇನೆ. ನೀವು ಮಾಡಿದ್ದು ಬೇರೆ, ನಿಮಗೆ ಆದದ್ದು ಬೇರೆ. ಮಾಡಿದ್ದಕ್ಕೆ ಕ್ಷಮೆ ಇದೆ. ಆದದ್ದಕ್ಕೆ ಗುಣವಾಗುವುದು ಇದೆ, ನ್ಯಾಯ ಕೇಳುವುದೂ ಇದೆ. ಈಗಲೂ ಹಿಂಸೆಯ ನಡುವೆ ಇರುವವರಿಗೆ ಕ್ಷಮಿಸು ಎಂದು ಬೋಧಿಸಿ ವಾಪಸ್ ಕಳುಹಿಸುವುದು ಸುವಾರ್ತೆ ಅಲ್ಲ. ಮೊದಲು ಅವರು ಸುರಕ್ಷಿತವಾಗಬೇಕು. ಪಾಪದ ಬಗ್ಗೆ ಕಲಿಸುವವರು ಈ ವ್ಯತ್ಯಾಸ ತಿಳಿಯದಿದ್ದರೆ ದಯವಿಟ್ಟು ಕಲಿಸಬಾರದು.

ಇನ್ನೊಂದು ಕಡೆ, ನಿಜವಾಗಿ ತಪ್ಪು ಮಾಡಿದವರಿಗೆ ಕಣ್ಣೀರು ಮಾತ್ರ ಸಾಲದು. ಲೂಕನ 19ನೇ ಅಧ್ಯಾಯದ ಸುಂಕದವನು ಜಕ್ಕಾಯ ಅತ್ತನೆಂದು ಎಲ್ಲೂ ಬರೆದಿಲ್ಲ. ಅವನು ಎದ್ದು ನಿಂತು ಲೆಕ್ಕ ಹೇಳಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಅವರಿಗೂ ನಾನು ಕೇಳುತ್ತೇನೆ. ಯಾರಿಗಾದರೂ ಏನಾದರೂ ಹಿಂದಿರುಗಿಸುವುದು ಇದೆಯಾ? ದುಡ್ಡು, ಜಮೀನು, ಒಂದು ಕ್ಷಮೆಯ ಮಾತು, ಯಾರದೋ ಮೇಲೆ ಹಬ್ಬಿಸಿದ ಸುಳ್ಳು? ತರಗತಿಯ ಒಬ್ಬ ಯುವಕ ಅಣ್ಣನ ಪಾಲಿಗೆ ಬರಬೇಕಾದದ್ದನ್ನು ಕಾಗದಪತ್ರದ ಚಾತುರ್ಯದಿಂದ ತನ್ನದಾಗಿ ಮಾಡಿಕೊಂಡಿದ್ದ. ದೀಕ್ಷಾಸ್ನಾನವನ್ನು ತಾನೇ ಮುಂದಕ್ಕೆ ಹಾಕಿ ಹೋದ. ಅದು ಸರಿಹೋಗಲು ತಿಂಗಳುಗಳೇ ಹಿಡಿದವು. ಅಣ್ಣ ಬೇಗ ನಂಬಲಿಲ್ಲ, ಇದರಲ್ಲೂ ಏನೋ ಹೂಟ ಇದೆ ಎಂದುಕೊಂಡ. ಕೊನೆಗೆ ಎಲ್ಲ ಬರೆದುಕೊಟ್ಟು ವಾಪಸ್ ಬಂದ ತಮ್ಮನ ಮುಖ ಬೇರೆಯೇ ಆಗಿತ್ತು. ಅವನಿಗೆ ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯವನ್ನು ನಾನು ವಿವರಿಸಬೇಕಾಗಲೇ ಇಲ್ಲ. ಹಳೆಯ ಬದುಕಿಗೆ ಸಾಯುವುದು ಅಂದರೇನು ಎಂದು ಅವನು ಆಗಲೇ ಅನುಭವಿಸಿದ್ದ.

ಉಳಿದವರಿಗೆ ಆ ಅಧ್ಯಾಯವನ್ನು ವಿವರಿಸುತ್ತೇನೆ. ಕ್ರಿಸ್ತನಲ್ಲಿ ಸೇರಲು ದೀಕ್ಷಾಸ್ನಾನ ಮಾಡಿಸಿಕೊಂಡವರು ಆತನ ಮರಣದಲ್ಲಿ ಪಾಲುಗಾರರಾದರು, ಆತನ ಜೊತೆ ಹೂಣಲ್ಪಟ್ಟರು, ಆತನು ಎದ್ದ ಹಾಗೆ ಹೊಸ ಜೀವದಲ್ಲಿ ನಡೆಯುತ್ತಾರೆ ಎಂದು ಆ ಪತ್ರಿಕೆ ಬರೆದ ಪೌಲ ಅಲ್ಲಿ ಹೇಳುತ್ತಾನೆ. ಇದರ ಜೊತೆಗೆ ಮಾರ್ಕನ 1ನೇ ಅಧ್ಯಾಯವನ್ನೂ ಇಡುತ್ತೇನೆ. ಯೇಸು ಯೊರ್ದನ್ ಹೊಳೆಯಲ್ಲಿ ಸ್ನಾನಿಕನಾದ ಯೋಹಾನನಿಂದ ಸ್ನಾನ ಮಾಡಿಸಿಕೊಂಡಾಗ ಆಕಾಶದಿಂದ ಬಂದ ಧ್ವನಿ ಆತನನ್ನು ಪ್ರಿಯ ಮಗ ಎಂದು ಕರೆಯಿತು. ಗಮನಿಸಿ, ಆತನು ಇನ್ನೂ ಒಂದು ಅದ್ಭುತವನ್ನೂ ಮಾಡಿರಲಿಲ್ಲ, ಒಂದು ಬೋಧನೆಯನ್ನೂ ಮಾಡಿರಲಿಲ್ಲ. ಪ್ರೀತಿಯ ಮಾತು ಮೊದಲು ಬಂತು, ಕೆಲಸ ಆಮೇಲೆ. ಪಾಪದ ಪಾಠದಲ್ಲಿ ಕುಗ್ಗಿಹೋದವರು ಇಲ್ಲಿ ತಲೆ ಎತ್ತುತ್ತಾರೆ.

ಪ್ರಶ್ನೆಗಳು ಬರುವುದು ಈ ಹಂತದಲ್ಲಿ. ಎಲ್ಲಕ್ಕಿಂತ ಹೆಚ್ಚು ಕೇಳುವುದು: "ಮಗುವಾಗಿದ್ದಾಗಲೇ ನನಗೆ ನೀರು ಹಾಕಿದ್ದಾರೆ, ಈಗ ಮತ್ತೆ ತೆಗೆದುಕೊಳ್ಳಬೇಕಾ?" ನಮ್ಮ ಸಭೆಯಲ್ಲಿ ಮಕ್ಕಳಿಗೂ ಕೊಡುತ್ತಾರೆ, ನಂಬಿ ಬಂದ ದೊಡ್ಡವರಿಗೂ ಕೊಡುತ್ತಾರೆ. ಆದ್ದರಿಂದ ನನ್ನ ಉತ್ತರ, ಬೇಡ. ಅವತ್ತು ಕೊಟ್ಟದ್ದನ್ನು ಇವತ್ತು ನಿಮ್ಮ ಬಾಯಿಂದ ಒಪ್ಪಿಕೊಳ್ಳಿ, ಸಾಕು. ಬ್ಯಾಪ್ಟಿಸ್ಟರು ಮತ್ತು ಪೆಂತೆಕೋಸ್ತರು ಇದನ್ನು ಒಪ್ಪುವುದಿಲ್ಲ. ಸ್ವಂತ ನಂಬಿಕೆಯ ನಂತರವೇ ಸ್ನಾನ ಎಂಬುದು ಅವರ ನಿಲುವು. ಅಪೊಸ್ತಲರ ಕೃತ್ಯಗಳಲ್ಲಿ ನಂಬಿಕೆ ಮೊದಲು, ಸ್ನಾನ ಆಮೇಲೆ ಬರುವುದನ್ನು ಅವರು ತೋರಿಸುತ್ತಾರೆ. ಅದೇ ಪುಸ್ತಕದಲ್ಲಿ ಲುದ್ಯ ಎಂಬ ಹೆಂಗಸಿನ ಮನೆಯವರೆಲ್ಲ, ಸೆರೆಮನೆಯ ಯಜಮಾನನ ಮನೆಯವರೆಲ್ಲ ಸ್ನಾನ ಮಾಡಿಸಿಕೊಂಡದ್ದನ್ನು ನಾವು ತೋರಿಸುತ್ತೇವೆ. ಈ ಚರ್ಚೆ ಶತಮಾನಗಳದ್ದು. ನನ್ನ ತರಗತಿಯಲ್ಲಿ ತೀರುವುದಿಲ್ಲ. ಅವರ ಬಗ್ಗೆ ಹಗುರವಾಗಿ ಮಾತಾಡಲು ಮಾತ್ರ ನಾನು ಬಿಡುವುದಿಲ್ಲ.

"ಸ್ನಾನದ ನಂತರ ಮತ್ತೆ ಪಾಪ ಮಾಡಿದರೆ?" ಇದು ಭಯದ ಪ್ರಶ್ನೆ, ಇದಕ್ಕೆ ಸಮಯ ಕೊಡಬೇಕು. ಹಳೆಯ ಕಾಲದಲ್ಲೂ ಈ ಭಯ ಇತ್ತು. ಎಷ್ಟೋ ಜನ ಕೊನೆಗಾಲದವರೆಗೆ ದೀಕ್ಷಾಸ್ನಾನವನ್ನು ಮುಂದೂಡುತ್ತಿದ್ದರು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ. ಆದರೆ ಯೋಹಾನನ ಮೊದಲ ಪತ್ರಿಕೆ ನಂಬಿದವರಿಗೇ ಬರೆದದ್ದು. ನಮ್ಮ ಪಾಪಗಳನ್ನು ಒಪ್ಪಿಕೊಂಡರೆ ಆತನು ಕ್ಷಮಿಸಿ ಶುದ್ಧ ಮಾಡುತ್ತಾನೆ ಎಂದು ಅದರ 1ನೇ ಅಧ್ಯಾಯದಲ್ಲೇ ಇದೆ. ಮಾರ್ಟಿನ್ ಲೂಥರ್ 1517ರಲ್ಲಿ ಮುಂದಿಟ್ಟ 95 ವಾದಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕು ಎಂಬುದು. ನೀರಿನಿಂದ ಎದ್ದವನು ಮತ್ತೆ ಎಡವುತ್ತಾನೆ. ಎಡವಿದಾಗ ಎಲ್ಲಿಗೆ ತಿರುಗಬೇಕು ಎಂದು ಅವನಿಗೆ ಗೊತ್ತಿರುತ್ತದೆ, ಅಲ್ವಾ? ಅದೇ ವ್ಯತ್ಯಾಸ.

ಮೂರನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರು ಕಡಿಮೆ, ಒಳಗೊಳಗೇ ಕೊರಗುವವರು ಜಾಸ್ತಿ. ತಮಗೆ ದೀಕ್ಷಾಸ್ನಾನ ಕೊಟ್ಟ ಸೇವಕರು ಆಮೇಲೆ ತಪ್ಪು ದಾರಿ ಹಿಡಿದರು, ಹಾಗಾದರೆ ತಮ್ಮದು ನಡೆಯುತ್ತದೆಯೇ ಎಂದು. 4ನೇ ಶತಮಾನದ ಉತ್ತರ ಆಫ್ರಿಕಾದಲ್ಲಿ ಇದೇ ವಿಷಯಕ್ಕೆ ಸಭೆ ಎರಡಾಗಿ ಒಡೆದಿತ್ತು. ಕ್ರೈಸ್ತರ ಮೇಲಿನ ಹಿಂಸೆಯ ಕಾಲದಲ್ಲಿ ಹೆದರಿ ಪವಿತ್ರಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಸಭಾಧ್ಯಕ್ಷರ ಸಂಸ್ಕಾರ ನಡೆಯುವುದಿಲ್ಲ ಎಂದು ಡೊನಾಟಿಸ್ಟರು ವಾದಿಸಿದರು. ಸಂತ ಅಗಸ್ಟೀನ್ ಕೊಟ್ಟ ಉತ್ತರದ ತಿರುಳು ಇಷ್ಟು: ಸ್ನಾನ ಮಾಡಿಸುವವನು ಕ್ರಿಸ್ತನೇ, ಸೇವಕನ ಕೈ ಎಂಥದ್ದೇ ಆಗಿರಲಿ. ನಾನೂ ಅದನ್ನೇ ಹೇಳುತ್ತೇನೆ. ಸೇವಕನ ತಪ್ಪಿಗೆ ಅವನೇ ಲೆಕ್ಕ ಕೊಡಬೇಕು, ಸಭೆಯೂ ಅವನನ್ನು ಕೇಳಬೇಕು. ನಿಮಗೆ ದೇವರು ಕೊಟ್ಟದ್ದು ಅದರಿಂದ ಕರಗಿಹೋಗುವುದಿಲ್ಲ.

"ಫಿಲಿಪ್ಪಿಯ ಸೆರೆಮನೆಯ ಯಜಮಾನ ಅದೇ ರಾತ್ರಿ ತೆಗೆದುಕೊಂಡನಲ್ಲ, ನಮಗೆ ಯಾಕೆ ಇಷ್ಟು ದಿನ?" ಎಂದು ಕೇಳುವ ಉತ್ಸಾಹಿಗಳೂ ಇರುತ್ತಾರೆ. ಒಳ್ಳೆಯ ಪ್ರಶ್ನೆ. ಆ ಮನುಷ್ಯ ಸ್ನಾನಕ್ಕೆ ಮೊದಲು ಪೌಲ ಸೀಲರ ಗಾಯ ತೊಳೆದ. ಪೆಟ್ಟು ತಿಂದ ಕೈದಿಗಳನ್ನು ಮನೆಯೊಳಗೆ ಕೂರಿಸಿ ಊಟ ಹಾಕಿದ. ಅವನ ಬದಲಾವಣೆ ಆ ರಾತ್ರಿಯೇ ಕಾಣಿಸಿತು. ಮುಂದೆ ಸಭೆ ಬೆಳೆದಾಗ ತಯಾರಿಯ ಕಾಲವೂ ಬೆಳೆಯಿತು. 3ನೇ ಶತಮಾನದ ಹೊತ್ತಿಗೆ ಕೆಲವು ಕಡೆ ಮೂರು ವರ್ಷದವರೆಗೂ ಕಲಿಸುತ್ತಿದ್ದರು. ನಾನು ದಿನ ಎಣಿಸುವುದಿಲ್ಲ. ತಾನು ಏನು ಮಾಡುತ್ತಿದ್ದೇನೆ ಎಂದು ಆ ವ್ಯಕ್ತಿಗೆ ತಿಳಿದಿದೆಯೇ, ಯಾರ ಒತ್ತಾಯವೂ ಇಲ್ಲದೆ ಬಂದಿದ್ದಾರೆಯೇ, ಇವೆರಡನ್ನೇ ನೋಡುತ್ತೇನೆ. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಎಷ್ಟಿದ್ದರೂ ಸಾಲದು. ಮದುವೆಗಾಗಿ ಮಾತ್ರ ಬಂದವರಿಗೆ ನಾನು ನೇರವಾಗಿ ಹೇಳುತ್ತೇನೆ. ಕಾಯಿರಿ. ಮದುವೆಯ ದಿನ ನಿಂತಿರಲಿ, ನಡೆಯಲಿ, ಇದನ್ನು ಅದಕ್ಕೆ ಕಟ್ಟಬೇಡಿ.

ನೀರಿನ ದಿನದ ವಿಷಯ. ನಮ್ಮಲ್ಲಿ ದೊಡ್ಡವರಿಗೆ ಮುಳುಗಿಸುವುದು ರೂಢಿ. ಪಾಸ್ಟರ್ ಒಂದು ಕಡೆ, ನಾನು ಇನ್ನೊಂದು ಕಡೆ ನೀರಿನಲ್ಲಿ ನಿಲ್ಲುತ್ತೇವೆ. ಹಿಂದಿನ ದಿನವೇ ನೆಲದ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿಸುತ್ತೇನೆ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಬೇಕು. ಮಂಡಿ ಸ್ವಲ್ಪ ಬಗ್ಗಿಸಬೇಕು, ಆಗ ಹಿಂದಕ್ಕೆ ಬಾಗುವುದು ಸುಲಭ. ನಮ್ಮ ಒಂದು ಕೈ ಬೆನ್ನಿನ ಮೇಲ್ಭಾಗದಲ್ಲಿ, ಇನ್ನೊಂದು ಅವರ ಕಟ್ಟಿದ ಕೈಗಳ ಮೇಲೆ. ಮೂಗಿಗೆ ಕರವಸ್ತ್ರ. ದಪ್ಪ, ಗಾಢ ಬಣ್ಣದ ಹತ್ತಿ ಬಟ್ಟೆ ಹಾಕಿಕೊಳ್ಳಲು ಹೇಳುತ್ತೇವೆ. ಒದ್ದೆಯಾದರೆ ಮೈಗೆ ಅಂಟಿ ಯಾರಿಗೂ ಮುಜುಗರ ಆಗಬಾರದು. ಹೆಂಗಸರು ಮೇಲೆ ಬಂದ ಕೂಡಲೇ ದೊಡ್ಡ ಟವೆಲ್ ಹಿಡಿದು ಹೆಂಗಸರೇ ನಿಂತಿರಬೇಕು. ಫೋಟೋ ಎಲ್ಲ ಆಮೇಲೆ, ಬಟ್ಟೆ ಬದಲಿಸಿದ ಮೇಲೆ. ಹೊಳೆಯಾದರೆ ಮುಂಜಾನೆಯೇ ಇಳಿದು ನೆಲ ಗಟ್ಟಿಯಿದೆಯೇ, ಸೆಳೆತ ಇದೆಯೇ ಎಂದು ನಾನು ನೋಡಿ ಬರುತ್ತೇನೆ. ಇವೆಲ್ಲ ಸಣ್ಣ ವಿಷಯಗಳಲ್ಲ. ಕಾಲು ಜಾರುವ ಭಯದಲ್ಲಿ ನಿಂತವನಿಗೆ ತಂದೆಯ, ಮಗನ, ಪವಿತ್ರಾತ್ಮನ ಹೆಸರು ಕಿವಿಗೆ ಬೀಳುವುದಿಲ್ಲ.

ನೀರೆಂದರೆ ಹೆದರುವವರು, ಕಾಯಿಲೆಯವರು, ಬಹಳ ವಯಸ್ಸಾದವರು ಇದ್ದರೆ ತಲೆಯ ಮೇಲೆ ಮೂರು ಸಲ ನೀರು ಸುರಿಯುತ್ತಾರೆ. ಅದು ಅರೆಬರೆ ಸ್ನಾನ ಎಂದು ಯಾರೂ ಕೊರಗಬೇಕಾಗಿಲ್ಲ. ಸಭೆಯ ಅತಿ ಹಳೆಯ ಕೈಪಿಡಿಗಳಲ್ಲಿ ಒಂದಾದ ದಿದಖೆಯ 7ನೇ ಅಧ್ಯಾಯದಲ್ಲೇ ಇದು ಇದೆ. ಹರಿಯುವ ನೀರು ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಬೇರೆ ನೀರಿನಲ್ಲಿ, ತಣ್ಣೀರು ಆಗದಿದ್ದರೆ ಬಿಸಿನೀರಿನಲ್ಲಿ, ಅದೂ ಸಾಕಷ್ಟು ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಎಂದು. ಸ್ನಾನ ಕೊಡುವವನೂ ಪಡೆಯುವವನೂ ಮೊದಲೇ ಉಪವಾಸ ಮಾಡಬೇಕೆಂದೂ ಅದು ಹೇಳುತ್ತದೆ. ನಾನು ಅವರ ಜೊತೆ ಉಪವಾಸ ಇರುತ್ತೇನೆ. ಆರೋಗ್ಯ ಇಲ್ಲದವರಿಗೆ ಮಾಡಬೇಡಿ ಎಂದು ಹೇಳುತ್ತೇನೆ.

ನೀರಿನಿಂದ ಎದ್ದು ಬರುವ ಮುಖಗಳನ್ನು ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ನನ್ನದು. ಕೆಲವರು ಅಳುತ್ತಾರೆ, ಕೆಲವರು ನಗುತ್ತಾರೆ, ಕೆಲವರಿಗೆ ಏನೂ ಅನಿಸುವುದಿಲ್ಲ. ಏನೂ ಅನಿಸದವರಿಗೆ ಮೊದಲೇ ಹೇಳಿರುತ್ತೇನೆ. ಅನಿಸಿಕೆ ಬರಲಿ ಬಿಡಲಿ, ಕೊಟ್ಟ ಮಾತು ದೇವರದ್ದು.

ಹೆಚ್ಚಿನ ಸಭೆಗಳಲ್ಲಿ ತರಗತಿ ಅಲ್ಲಿಗೆ ಮುಗಿಯುತ್ತದೆ. ನಾನು ಮುಗಿಸುವುದಿಲ್ಲ. ಮತ್ತಾಯನ 28ನೇ ಅಧ್ಯಾಯದ ಕೊನೆಯಲ್ಲಿ ಯೇಸು ಹೇಳಿದ ಮಾತುಗಳನ್ನು ನೋಡಿ. ಹೋಗಿರಿ, ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿರಿ, ದೀಕ್ಷಾಸ್ನಾನ ಮಾಡಿಸಿರಿ, ನಾನು ಆಜ್ಞಾಪಿಸಿದ್ದನ್ನೆಲ್ಲ ಕಾಪಾಡಲು ಕಲಿಸಿರಿ. ದೀಕ್ಷಾಸ್ನಾನ ಇರುವುದು ಆ ಆಜ್ಞೆಯ ನಟ್ಟನಡುವೆ. ಯಾರೋ ಹೋಗಿದ್ದರಿಂದ ನಮಗೆ ಅದು ಸಿಕ್ಕಿತು. ಸಿಕ್ಕಿದ ಮೇಲೆ ಕಲಿಯುವುದು ಇನ್ನೂ ಇದೆ. ಕಲಿತವರು ಮತ್ತೆ ಹೋಗಬೇಕು. ಸ್ನಾನದ ನಂತರವೂ ಕೆಲವು ತಿಂಗಳು ಅದೇ ಗುಂಪನ್ನು ಕೂರಿಸುತ್ತೇನೆ.

ಕರೆಯ ಬಗ್ಗೆ ಹೇಳುವಾಗ ಯೆಶಾಯನ 6ನೇ ಅಧ್ಯಾಯ ತೆರೆಯುತ್ತೇನೆ. ನನ್ನ ಕರೆಯೂ ಅಲ್ಲಿಂದಲೇ ಬಂದದ್ದು. ಯೆಶಾಯ ದೇವಾಲಯದಲ್ಲಿ ಕರ್ತನ ಮಹಿಮೆಯನ್ನು ಕಂಡಾಗ ಮೊದಲು ಅವನ ಬಾಯಿಂದ ಬಂದದ್ದು ಅಯ್ಯೋ ಎಂಬ ಕೂಗು. ನಾನು ಹೊಲಸು ತುಟಿಯವನು, ಹೊಲಸು ತುಟಿಯ ಜನರ ನಡುವೆ ಇರುವವನು. ಆಮೇಲೆ ಸೆರಾಫಿಯನು ಎಂಬ ದೇವದೂತ ಯಜ್ಞವೇದಿಯ ಕೆಂಡ ತಂದು ಅವನ ತುಟಿಗೆ ಮುಟ್ಟಿಸುತ್ತಾನೆ. ಪಾಪ ಪರಿಹಾರವಾಯಿತು. ಯಾರನ್ನು ಕಳುಹಿಸಲಿ ಎಂಬ ಧ್ವನಿ ಅವನಿಗೆ ಕೇಳಿಸಿದ್ದು ಅದಾದ ಮೇಲೆ. ನಾನು ಯೌವನದಲ್ಲಿ ಈ ಅಧ್ಯಾಯ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕ್ರಮ. ತನ್ನ ಜನರ ತುಟಿಯ ಬಗ್ಗೆ ಹೇಳುವ ಮೊದಲು ಅವನು ತನ್ನ ತುಟಿಯ ಬಗ್ಗೆ ಹೇಳಿದ. ಹೋಗಬೇಕು ಎಂಬ ಆಸೆ ನನ್ನಲ್ಲಿ ಬಹಳ ದಿನದಿಂದ ಇತ್ತು. ಆ ಆಸೆಗೆ ಬೇರು ಸಿಕ್ಕಿದ್ದು ಅವತ್ತು.

ಆಸೆ ಬಂತೆಂದು ಚೀಲ ಹೆಗಲಿಗೇರಿಸಲಿಲ್ಲ. ಅಪೊಸ್ತಲರ ಕೃತ್ಯಗಳ 13ನೇ ಅಧ್ಯಾಯದಲ್ಲಿ ಅಂತಿಯೋಕ್ಯದ ಸಭೆ ಉಪವಾಸ ಮಾಡಿ ಆರಾಧಿಸುತ್ತಿದ್ದಾಗ ಪವಿತ್ರಾತ್ಮನು ಬಾರ್ನಬನನ್ನೂ ಸೌಲನನ್ನೂ (ಪೌಲನ ಇನ್ನೊಂದು ಹೆಸರು) ಪ್ರತ್ಯೇಕಿಸಲು ಹೇಳುತ್ತಾನೆ. ಸಭೆ ಅವರ ಮೇಲೆ ಕೈಯಿಟ್ಟು ಕಳುಹಿಸುತ್ತದೆ. ಕರೆ ಒಬ್ಬನ ಎದೆಯಲ್ಲಿ ಹುಟ್ಟಬಹುದು, ಅದನ್ನು ತೂಗಿ ನೋಡುವುದು ಸಭೆಯ ಕೆಲಸ. ನಾನು ಹಿರಿಯರ ಹತ್ತಿರ ಹೋಗಿ ಹೇಳಿದೆ. ಅವರು ತಕ್ಷಣ ಒಪ್ಪಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಮಲಗಿರುವ ಸಭೆಯವರನ್ನು ವಾರ ವಾರ ನೋಡಿಕೊಂಡು ಬಾ ಎಂದರು. ಹೋಗಬೇಕೆಂದಿರುವ ಜನರ ಭಾಷೆ ಕಲಿಯಲು ಶುರು ಮಾಡು ಎಂದರು. ಮನೆಯವರ ಒಪ್ಪಿಗೆ ಕೇಳು ಎಂದರು. ಆ ಕಾಯುವಿಕೆ ನನ್ನನ್ನು ಗಟ್ಟಿ ಮಾಡಿತು. ಇವತ್ತು ನನ್ನ ಹತ್ತಿರ ಬರುವವರಿಗೂ ನಾನು ಇದೇ ದಾರಿ ತೋರಿಸುತ್ತೇನೆ. ಹತ್ತಿರದ ರೋಗಿಯನ್ನು ನೋಡಲು ಮನಸ್ಸಿಲ್ಲದವನಿಗೆ ದೂರದ ಜನರ ಮೇಲೆ ಪ್ರೀತಿ ಇದೆ ಎಂದರೆ ನಂಬುವುದು ಕಷ್ಟ.

ಹೋದ ಮೇಲೆ ನಾನು ಮಾಡಿದ್ದು ಹೆಚ್ಚಾಗಿ ಕೇಳಿಸಿಕೊಳ್ಳುವ ಕೆಲಸ. ಭಾಷೆ ಚೆನ್ನಾಗಿ ಬರುವವರೆಗೆ ಬೋಧನೆಗೆ ನಿಲ್ಲಲಿಲ್ಲ. ಮಕ್ಕಳಿಗೆ ಓದು ಹೇಳಿಕೊಟ್ಟೆ, ಮುದುಕರ ಪಕ್ಕ ಕೂತೆ, ಸಾವಿನ ಮನೆಗೆ ಹೋದೆ. ಪೇತ್ರನ ಮೊದಲ ಪತ್ರಿಕೆಯ 3ನೇ ಅಧ್ಯಾಯ ಹೇಳುವುದು, ನಿಮ್ಮ ನಿರೀಕ್ಷೆಗೆ ಕಾರಣ ಏನೆಂದು ಕೇಳುವವರಿಗೆಲ್ಲ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಎಂದು. ಅವರು ಕೇಳಿದಾಗ ಹೇಳಿದೆ. ಹೇಳಿದ್ದು ನನ್ನ ಕಥೆ. ನಾನು ಎಂಥವನಾಗಿದ್ದೆ, ನನ್ನನ್ನು ಯಾರು ಕ್ಷಮಿಸಿದರು. ನಿಮ್ಮ ದೇವರು ಹೀಗೆ, ನಿಮ್ಮ ಪದ್ಧತಿ ಹಾಗೆ ಎಂದು ಒಂದು ಮಾತೂ ಆಡಲಿಲ್ಲ. ಕೇಳಿ, ಯೋಚಿಸಿ, ನಮಗೆ ಬೇಡ ಎಂದವರು ಬಹಳ ಜನ. ಅವರ ಮನೆಗೆ ನಾನು ಹೋಗುವುದು ನಿಲ್ಲಲಿಲ್ಲ, ಅವರು ನನ್ನನ್ನು ಕರೆಯುವುದೂ ನಿಲ್ಲಲಿಲ್ಲ. ಮಾರ್ಕನ 10ನೇ ಅಧ್ಯಾಯದಲ್ಲಿ ಬಹಳ ಆಸ್ತಿಯಿದ್ದ ಆ ಮನುಷ್ಯ ಬೇಸರದಿಂದ ಹೊರಟುಹೋದಾಗ ಯೇಸು ಅವನನ್ನು ಓಡಿ ಹಿಡಿಯಲಿಲ್ಲ. ಹೋಗಲು ಬಿಟ್ಟನು. ಆದರೆ ಅವನನ್ನು ನೋಡಿ ಪ್ರೀತಿಸಿದನು ಎಂದು ಅಲ್ಲೇ ಬರೆದಿದೆ.

ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ದುಡ್ಡು, ಕೆಲಸ, ಶಾಲೆಯ ಸೀಟು, ಕಾಯಿಲೆ ವಾಸಿಯಾಗುವ ಭರವಸೆ, ಇವು ಯಾವುದನ್ನೂ ದೀಕ್ಷಾಸ್ನಾನದ ಹತ್ತಿರ ತರಬಾರದು. ಸಹಾಯ ಮಾಡಬೇಕು, ಧಾರಾಳವಾಗಿ ಮಾಡಬೇಕು, ನಂಬದವರಿಗೂ ಅಷ್ಟೇ ಮಾಡಬೇಕು. ನನ್ನಿಂದ ಸಹಾಯ ಪಡೆದ ಋಣದಲ್ಲಿರುವವರು ಸ್ನಾನ ಕೇಳಿದರೆ ಅವರನ್ನು ಬೇರೆ ಹಿರಿಯರ ಹತ್ತಿರ ಕಳುಹಿಸುತ್ತೇನೆ. ನನ್ನ ಮುಖ ನೋಡಿ ಹೌದು ಎನ್ನುವ ಇಕ್ಕಟ್ಟು ಅವರಿಗೆ ಬರಬಾರದು. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಮಂತ್ರವಾದಿ ಸಿಮೋನ ದೀಕ್ಷಾಸ್ನಾನ ಪಡೆದ ಮೇಲೆಯೂ ಪವಿತ್ರಾತ್ಮನ ವರವನ್ನು ಹಣಕ್ಕೆ ಕೊಳ್ಳಲು ನೋಡಿದ. ಪೇತ್ರ ಎಷ್ಟು ಕಠಿಣವಾಗಿ ಗದರಿಸಿದನೆಂದು ಓದಿ. ಕೊಳ್ಳುವುದು ಪಾಪವಾದರೆ ಮಾರುವುದೂ ಪಾಪವೇ.

ವಾಪಸ್ ಬಂದಾಗ ಜನ ಕೇಳಿದ್ದು, ಎಷ್ಟು ಜನಕ್ಕೆ ದೀಕ್ಷಾಸ್ನಾನ ಆಯಿತು? ಈ ಪ್ರಶ್ನೆ ನನಗೆ ನೋವು ಕೊಡುತ್ತದೆ. ಪೌಲ ಕೊರಿಂಥದವರಿಗೆ ಬರೆಯುತ್ತಾ, ಕ್ರಿಸ್ಪ, ಗಾಯ, ಸ್ತೆಫನನ ಮನೆಯವರು, ಇವರನ್ನು ಬಿಟ್ಟು ಬೇರೆ ಯಾರಿಗಾದರೂ ಕೊಟ್ಟೆನೋ ನೆನಪಿಲ್ಲ ಎನ್ನುತ್ತಾನೆ. ಅಷ್ಟು ದೊಡ್ಡ ಮಿಷನರಿ ಲೆಕ್ಕ ಇಟ್ಟಿರಲಿಲ್ಲ. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಬೂಟು ಹೊಲಿಯುವ ಕಸುಬಿನಿಂದ ಬಂದವರು. 1793ರಲ್ಲಿ ಬಂಗಾಳಕ್ಕೆ ಬಂದು ಇಳಿದರು. ಅಲ್ಲಿಯವರಲ್ಲಿ ಮೊದಲನೆಯವರಾದ ಬಡಗಿ ಕೃಷ್ಣ ಪಾಲ್ ಅವರಿಗೆ ಸೆರಾಂಪುರದ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಕೊಟ್ಟದ್ದು 1800ರ ಡಿಸೆಂಬರ್ 28ರಂದು. ಅಲ್ಲಿಯವರೆಗಿನ ಆ ವರ್ಷಗಳನ್ನು ವರದಿಯ ಅಂಕಿ ಹಿಡಿದು ಅಳೆದಿದ್ದರೆ ಸೊನ್ನೆ. ಅವರು ಭಾಷೆ ಕಲಿಯುತ್ತಿದ್ದರು, ಬೈಬಲ್ ಅನುವಾದಿಸುತ್ತಿದ್ದರು, ಮಗನನ್ನು ಮಣ್ಣು ಮಾಡಿದ್ದರು.

ಸಾಕ್ಷಿ ಹೇಳುವುದನ್ನು ಕಲಿಸುವಾಗ ಸತ್ಯಕ್ಕೆ ಒಂದು ಕೂದಲಷ್ಟೂ ಸೇರಿಸಬೇಡಿ ಎನ್ನುತ್ತೇನೆ. ಮಿಷನರಿ ಕಥೆಗಳಲ್ಲಿ ಈ ಸೇರಿಕೆ ಬಹಳ. ಜರ್ಮನಿಯ ಹೆರ್ನ್‌ಹುಟ್‌ನ ಮೊರಾವಿಯನ್ ಸಭೆಯಿಂದ 1732ರಲ್ಲಿ ಕೆರಿಬಿಯನ್‌ನ ಸೇಂಟ್ ಥಾಮಸ್ ದ್ವೀಪಕ್ಕೆ ಲಿಯೊನಾರ್ಡ್ ಡೋಬರ್ ಮತ್ತು ಡೇವಿಡ್ ನಿಟ್ಷ್‌ಮನ್ ಹೊರಟರು. ಗುಲಾಮರಿಗೆ ಸುವಾರ್ತೆ ಹೇಳಲು ಅವರು ತಮ್ಮನ್ನೇ ಗುಲಾಮರಾಗಿ ಮಾರಿಕೊಂಡರು ಎಂದು ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೇನೆ. ಹಾಗೆ ಆಗಲಿಲ್ಲ. ಬೇಕಾದರೆ ಗುಲಾಮರಾಗಲೂ ತಯಾರಿದ್ದರು, ಆದರೆ ಆಗಬೇಕಾಗಲಿಲ್ಲ. ನಿಟ್ಷ್‌ಮನ್ ಮರಗೆಲಸ ಮಾಡಿ ಇಬ್ಬರ ಹೊಟ್ಟೆ ಹೊರೆದರು. ನಡೆದದ್ದೇ ಇಷ್ಟು ದೊಡ್ಡದಾಗಿರುವಾಗ ನಡೆಯದ್ದು ಯಾಕೆ ಬೇಕು?

ದೂರಕ್ಕೆ ಹೋಗುವ ಕರೆ ಎಲ್ಲರಿಗೂ ಇಲ್ಲ ಎಂಬುದನ್ನೂ ಒತ್ತಿ ಹೇಳುತ್ತೇನೆ. ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ ಬರುವ ದಮಸ್ಕದ ಅನನೀಯನನ್ನು ನೆನೆಯಿರಿ. ಅವನು ಯಾವ ದೇಶಕ್ಕೂ ಹೋದದ್ದು ಬರೆದಿಲ್ಲ. ತನ್ನ ಊರಿನಲ್ಲೇ ನೇರಬೀದಿಯ ಒಂದು ಮನೆಗೆ ಹೋದ. ಹೋಗಲು ಹೆದರಿಕೆ ಇತ್ತು, ಅದನ್ನು ಕರ್ತನಿಗೆ ಹೇಳಿಕೊಂಡ, ಆದರೂ ಹೋದ. ಸಭೆಯನ್ನು ಹಿಂಸಿಸುತ್ತಿದ್ದ ಸೌಲನ ಮೇಲೆ ಕೈಯಿಟ್ಟು ಸಹೋದರನೇ ಎಂದು ಕರೆದ. ಕುರುಡಾಗಿದ್ದ ಅವನಿಗೆ ಕಣ್ಣು ಕಾಣತೊಡಗಿತು, ಸೌಲ ಎದ್ದು ದೀಕ್ಷಾಸ್ನಾನ ಮಾಡಿಸಿಕೊಂಡ. ಶತ್ರುವಿನ ಪಾಪವನ್ನು ಎಣಿಸದೆ ಅವನ ಮನೆಬಾಗಿಲು ತಟ್ಟುವುದು ಸಮುದ್ರ ದಾಟುವುದಕ್ಕಿಂತ ಸುಲಭ ಎಂದು ನನಗೆ ಅನಿಸುವುದಿಲ್ಲ. ಸ್ನಾನ ಪಡೆದವರು ಮುಂದಿನ ತರಗತಿಗೆ ಒಬ್ಬೊಬ್ಬ ಹೊಸಬರ ಜೊತೆಗಾರರಾಗಿ ಬರಬೇಕು ಎಂಬ ನಿಯಮವನ್ನು ನಾನು ಇಟ್ಟದ್ದು ಈ ಅಧ್ಯಾಯ ಓದಿಯೇ. ಪಾಠ ಹೇಳಲು ಅಲ್ಲ, ಪಕ್ಕದಲ್ಲಿ ಕೂರಲು.

ಈಗಿನ ಗುಂಪಿನಲ್ಲಿ ಒಬ್ಬ ಹೆಣ್ಣುಮಗಳು ಇದ್ದಾಳೆ. ಹೋದ ವರ್ಷ ಸ್ನಾನ ಪಡೆದವಳು, ನರ್ಸ್. ತಾನು ಹೋಗಬೇಕು ಎನ್ನುತ್ತಾಳೆ. ಹಿರಿಯರು ಕಾಯಲು ಹೇಳಿದ್ದಾರೆ. ಮನೆಯಲ್ಲಿ ಇನ್ನೂ ಒಪ್ಪಿಲ್ಲ, ಅವರ ಜೊತೆ ಜಗಳ ಮಾಡಬೇಡ ಎಂದು ನಾನೂ ಹೇಳಿದ್ದೇನೆ. ಭಾಷೆ ಕಲಿಯಲು ಶುರು ಮಾಡಿದ್ದಾಳೆ. ಶನಿವಾರ ಸಂಜೆ ಬಂದು ಕಲಿತದ್ದನ್ನು ನನಗೆ ಒಪ್ಪಿಸುತ್ತಾಳೆ. ಕ್ರಿಯಾಪದಗಳು ಇನ್ನೂ ಹಿಡಿತಕ್ಕೆ ಬಂದಿಲ್ಲ.